‘ಪರವಾಗಿಲ್ಲ’ ಅನ್ನುವ ಸಿನಿಮಾಗೆ ನಾನು ವಿಮರ್ಶೆ ಬರೆಯುವ ರೀತಿ

ತುಂಬಾ ಒಳ್ಳೆಯ ಸಿನಿಮಾ, ತೀರಾ ಕೆಟ್ಟ ಸಿನಿಮಾ ಎರಡರ ಬಗ್ಗೆಯೂ ಬರೆಯುವುದು ಸುಲಭ. ಕಷ್ಟ ಕೊಡುವುದು ನಡುವಿನವು. ಚೆನ್ನಾಗಿದೆ, ಆದರೆ ಎಲ್ಲೋ ಎಡವಿದೆ. ಇಂಥವುಗಳ ಬಗ್ಗೆ ಯಾರೂ ಓದುವುದಿಲ್ಲ ಎಂದು ಜೊತೆಯವರು ವರ್ಷಗಟ್ಟಲೆ ಹೇಳಿದರು. ಈಗ ನಾನು ಬರೆದಿದ್ದರಲ್ಲಿ ಜನ ಜಾಸ್ತಿ ಓದುವುದು ಇವನ್ನೇ.

ಮೊದಲು ಎಲ್ಲರ ಹಾಗೇ ಬರೆಯುತ್ತಿದ್ದೆ. ಛಾಯಾಗ್ರಹಣ ಚೆನ್ನಾಗಿದೆ, ಸಂಗೀತ ಪರವಾಗಿಲ್ಲ, ಸೆಕೆಂಡ್ ಹಾಫ್ ಎಳೆದಿದ್ದಾರೆ, ಐದಕ್ಕೆ ಮೂರು ಸ್ಟಾರ್. ಅಭಿಮಾನಿಗಳಿಗೆ ಸಿಟ್ಟು, ಓದುಗರಿಗೆ ಏನೂ ಸಿಗಲಿಲ್ಲ. ಆಗ ಒಂದು ಪತ್ರಿಕೆಯವರು ಬರಹಕ್ಕೆ 500-600 ರೂಪಾಯಿ ಕೊಡುತ್ತಿದ್ದರು. ಟಿಕೆಟ್, ಪಾರ್ಕಿಂಗ್ ಕಳೆದರೆ ಕಾಫಿಗೆ ಉಳಿಯುತ್ತಿತ್ತು ಅಷ್ಟೇ. ಸ್ಟಾರ್ ಕೊಡುವುದಿಲ್ಲ ಅಂದೆ, ಅದೂ ಹೋಯಿತು.

ಈಗ ಒಳ್ಳೆಯದನ್ನೂ ಕೊರತೆಯನ್ನೂ ಬೇರೆ ಬೇರೆ ಪಟ್ಟಿ ಮಾಡುವುದಿಲ್ಲ. ಎರಡಕ್ಕೂ ಒಂದೇ ಬೇರು ಇದೆಯಾ ಎಂದು ಹುಡುಕುತ್ತೇನೆ. ಹತ್ತರಲ್ಲಿ ಏಳೆಂಟು ಸಲ ಇದ್ದೇ ಇರುತ್ತದೆ.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತೆಗೆದುಕೊಳ್ಳಿ. ತರಾಸು ಅವರ ಮೂರು ಕಾದಂಬರಿಗಳನ್ನು ಒಂದೇ ಸಿನಿಮಾಗೆ ತಂದಿದ್ದಾರೆ. ನಾಯಕ ರಾಮಾಚಾರಿಯ ಇಡೀ ಬದುಕು ನಮ್ಮ ಕಣ್ಣಿಗೆ ಬೀಳುವುದು ಅದರಿಂದಲೇ. ಅವನು ಆಮೇಲೆ ಪ್ರೀತಿಸುವ ಮಾರ್ಗರೆಟ್‌ಗೆ ಜಾಗ ಸಾಲದೇ ಹೋಗಿದ್ದೂ ಅದರಿಂದಲೇ. ಅಲಮೇಲು ಜೊತೆಗಿನ ಮೊದಲ ಪ್ರೀತಿಗೆ ಸ್ಲೋಮೋಷನ್ನಿನಲ್ಲಿ ತೆಗೆದ ಹಾಡೇ ಇದೆ. ಮಾರ್ಗರೆಟ್ ಪ್ರೀತಿ ಅವಸರದಲ್ಲಿ ಮುಗಿಯುತ್ತದೆ. ಕೊನೆಗೆ ಬೆಟ್ಟದ ಮೇಲೆ ಅವನ ಗುರು ಚಾಮಯ್ಯ ಮೇಷ್ಟ್ರು ಬಿದ್ದ ಮೇಲೆ ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಸಾಯಲು ಹೊರಡುತ್ತಾರಲ್ಲ, ಅವನನ್ನು ನೋಡಿ ಕರುಳು ಚುರ್ ಅನ್ನುತ್ತದೆ. ಮಾರ್ಗರೆಟ್ ಯಾಕೆ ಸಾಯಬೇಕು ಅನ್ನುವ ಪ್ರಶ್ನೆ ಮಾತ್ರ ಉಳಿಯುತ್ತದೆ. ‘ಕ್ಲೈಮ್ಯಾಕ್ಸ್ ಅತಿಯಾಯಿತು’ ಎಂದು ಬರೆದು ಮುಗಿಸಬಾರದು. ಕೊರತೆ ಶುರುವಾಗಿದ್ದು ಅದಕ್ಕಿಂತ ಎಷ್ಟೋ ಮೊದಲು.

ಹಾಗಂತ ಹೊತ್ತು ಕಡಿಮೆಯಾಗಿದ್ದೊಂದೇ ಕಾರಣವೂ ಅಲ್ಲ. ಅಂಬರೀಶ್ ಮಾಡಿದ ಜಲೀಲನದು ಪುಟ್ಟ ಪಾತ್ರ. 2018ರಲ್ಲಿ ಸಿನಿಮಾ ಮತ್ತೆ ಬಿಡುಗಡೆಯಾದಾಗ ನಾನು ಕೂತಿದ್ದ ಥಿಯೇಟರಿನಲ್ಲಿ ಅವನಿಗೂ ಭರ್ತಿ ಶಿಳ್ಳೆ ಬಿತ್ತು. ಅವನು ಹುಡುಗಿಯನ್ನು ರೇಗಿಸಿದರೆ ಸಾಕು, ಕೆಲಸ ಮುಗಿಯಿತು. ಮಾರ್ಗರೆಟ್ ಒಂದು ಸಾವನ್ನು ನಂಬಿಸಬೇಕು. ಇಷ್ಟು ಬರೆದಿದ್ದಕ್ಕೆ ಹಳೇ ಅಭಿಮಾನಿಗಳೂ ಬೈಯಲಿಲ್ಲ!

‘ಉಳಿದವರು ಕಂಡಂತೆ’ (2014) ಕೂಡ ಹೀಗೇ. ಮಲ್ಪೆಯಲ್ಲಿ ನಡೆದದ್ದನ್ನು ಒಬ್ಬೊಬ್ಬರು ಕಂಡ ಹಾಗೆ ಅಧ್ಯಾಯ ಮಾಡಿ ಹೇಳುತ್ತಾರೆ. ನಿಧಾನ, ನಿಜ. ಆದರೆ ತಾರಾ ಮಾಡಿದ ರತ್ನಕ್ಕ ಮನಸ್ಸಿನಲ್ಲಿ ಉಳಿಯುವುದು ಆ ನಿಧಾನದಿಂದಲೇ ಅಲ್ವಾ? ಕತ್ತರಿ ಹಾಕಿದರೆ ಅವಳೂ ಹೋಗುತ್ತಾಳೆ.

ಕೆಲಸ ಹೀಗೆ. ಮೊದಲ ಸಲ ಸುಮ್ನೆ ನೋಡುತ್ತೇನೆ. ಎರಡನೇ ಸಲ ಕೊನೇ ಸಾಲಿನಲ್ಲಿ ಕೂತು, ಬೇಸರವಾಗಿ ಮುಂದಿನವರ ಮೊಬೈಲುಗಳು ಯಾವಾಗ ಬೆಳಗುತ್ತವೆ ಎಂದು ಟಿಕೆಟ್ ಹಿಂದೆ ಗುರುತು ಹಾಕುತ್ತೇನೆ. ಕೊರತೆಯ ಬೇರನ್ನು ಆ ಗುರುತಿನಿಂದ ಸುಮಾರು 20-25 ನಿಮಿಷ ಹಿಂದೆ ಹೋಗಿ ಹುಡುಕಿ. ಅಲ್ಲಿ ನಾನು ಕೇಳಿಕೊಳ್ಳುವ ಮೂರು ಪ್ರಶ್ನೆಗಳಿವೆ. ಅವನ್ನು ಸದ್ಯಕ್ಕೆ ಹೇಳುವುದಿಲ್ಲ.

ಇನ್ನೊಂದು ಪ್ರಯೋಗವೂ ಮಾಡಿದೆ. ಹಿಂದೆ ಸಿನಿಮಾ ಸಂಭಾಷಣೆಯ ಕ್ಯಾಸೆಟ್ ಬರುತ್ತಿತ್ತಲ್ಲ, ಹಾಗೆ ಚಿತ್ರ ನೋಡದೆ ಬರೀ ಕೇಳುವುದು. ಎಲ್ಲವೂ ಅರ್ಥವಾಗಿಬಿಟ್ಟರೆ ನಿರ್ದೇಶಕರು ಕ್ಯಾಮೆರಾವನ್ನು ನಂಬಿಲ್ಲ ಎಂದೇ ಲೆಕ್ಕ. ‘ಲೂಸಿಯಾ’ (2013) ಹೀಗೆ ಕೇಳಿದೆ. ನಾಯಕನ ಎರಡು ಬದುಕಿನಲ್ಲಿ (ಒಂದು ನಿಜ, ಒಂದು ಕನಸು) ಒಂದು ಕಪ್ಪು-ಬಿಳುಪು, ಇನ್ನೊಂದು ಬಣ್ಣ ಎಂಬುದು ಕಣ್ಣಿಗಿಲ್ಲದೆ ಕಥೆ ಕಲಸಿಹೋಯಿತು. ಒಳ್ಳೆಯ ಲಕ್ಷಣ. ಹಾಸ್ಯ ಸಿನಿಮಾಗಳಿಗೆ ಈ ಪರೀಕ್ಷೆ ನಡೆಯಲಿಲ್ಲ, ಬಿಟ್ಟೆ.

ಎರಡು ಸಲ ನೋಡುವುದಕ್ಕೆ 500ರ ಹತ್ತಿರ ಖರ್ಚು, ಈಗ ಬರಹಕ್ಕೆ 2,500 ಸಿಗುತ್ತದೆ. ಎರಡನೇ ಸಲಕ್ಕೆ ವಾರದ ನಡುವೆ ಸಿಂಗಲ್ ಸ್ಕ್ರೀನಿಗೆ ಹೋಗಿ. ದುಡ್ಡೂ ಉಳಿಯುತ್ತದೆ, ಜನ ಬೇಸರವನ್ನು ಬಾಯಿಬಿಟ್ಟೇ ಹೇಳುತ್ತಾರೆ.