ಗ್ಯಾಂಬಿಯೆ, ಕೊಲುಝಿ ಸೊಳ್ಳೆ ಕೊನೆಗೂ ಬೇರೆ ಆದ್ವು (ನನ್ನ ಅನುಭವ)

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಿಂದ ಬಂದ ಅನಾಫಿಲಿಸ್ (ಮಲೇರಿಯಾ ಹರಡೋ) ಸೊಳ್ಳೆಗಳು, ಅದ್ರಲ್ಲಿ ಅರೇಬಿಯೆನ್ಸಿಸ್, ಗ್ಯಾಂಬಿಯೆ, ಕೊಲುಝಿ ಅಂತ ಬೇರೆ ಬೇರೆ ಜಾತಿ, ಮೈಕ್ರೋಸ್ಕೋಪಲ್ಲಿ ಎಷ್ಟ್ ನೋಡಿದ್ರೂ ಎಲ್ಲಾ ಒಂದೇ ಥರ. ಮಾಮೂಲಿ ಪಿಸಿಆರ್ (ಡಿಎನ್ಎ ತುಂಡನ್ನ ಕಾಪಿ ಮಾಡಿ ಹೆಚ್ಚಿಸೋ ಟೆಸ್ಟ್) ಹಾಕಿದ್ರೆ ಅರೇಬಿಯೆನ್ಸಿಸ್ 315 ಬೇಸ್‌ಪೇರ್‌ಗೆ (ಡಿಎನ್ಎ ತುಂಡಿನ ಉದ್ದದ ಅಳತೆ) ಬಂದು ಬೇರೆ ಆಗ್ತಿತ್ತು, ಆದ್ರೆ ಗ್ಯಾಂಬಿಯೆ, ಕೊಲುಝಿ ಎರಡೂ 390ಕ್ಕೇ ಕೂರ್ತಿದ್ವು, 2013ರ ತನಕ ಇವೆರಡನ್ನೂ ಒಂದೇ ಜಾತಿ ಅಂತಾನೇ ಲೆಕ್ಕ ಹಾಕ್ತಿದ್ರು ಬಿಡಿ. ಸಾಲದ್ದಕ್ಕೆ ಸುಮಾರು ಸ್ಯಾಂಪಲ್‌ಗಳಲ್ಲಿ ಬ್ಯಾಂಡೇ (ಜೆಲ್ ಮೇಲೆ ಡಿಎನ್ಎ ತೋರಿಸೋ ಗೆರೆ) ಇಲ್ಲ.

ಮೊದಲು ಬ್ಯಾಂಡ್ ವಿಷಯ: ಇಡೀ ಸೊಳ್ಳೆ ಅರೆದ್ರೆ ಕಣ್ಣಿನ ಪಿಗ್ಮೆಂಟ್ ಪಿಸಿಆರನ್ನ ತಡೆಯುತ್ತೆ, ಅದಕ್ಕೆ ಬರೀ ಕಾಲು ಕಿತ್ಕೊಂಡು ಡಿಎನ್ಎ ತೆಗೆದೆ, ಜೆಲ್ ಕ್ಲಿಯರ್ ಆಯ್ತು.

ಆಮೇಲೆ ಸೈನ್200 (SINE200) ಅನ್ನೋ ಡಿಎನ್ಎ ತುಂಡಿನ ಜಾಗಕ್ಕೆ ಪ್ರೈಮರ್ (ಪಿಸಿಆರ್ ಎಲ್ಲಿಂದ ಕಾಪಿ ಮಾಡ್ಬೇಕು ಅಂತ ತೋರಿಸೋ ಚಿಕ್ಕ ಡಿಎನ್ಎ) ಹಾಕಿದೆ. ಎಕ್ಸ್ ಕ್ರೋಮೋಸೋಮಲ್ಲಿ ಕೊಲುಝಿಗೆ ಒಂದು ತುಂಡು ಜಾಸ್ತಿ ಸೇರ್ಕೊಂಡಿರುತ್ತೆ, ಗ್ಯಾಂಬಿಯೆಗೆ ಅದಿಲ್ಲ, ಹಾಗಾಗಿ ಕೊಲುಝಿ 479ಕ್ಕೆ, ಗ್ಯಾಂಬಿಯೆ 249ಕ್ಕೆ, ಕಣ್ಣಲ್ಲೇ ಗೊತ್ತಾಗುತ್ತೆ! ಹೆಣ್ಣು ಸೊಳ್ಳೇಲಿ ಎರಡೂ ಬ್ಯಾಂಡ್ ಬಂದ್ರೆ ಹೈಬ್ರಿಡ್ ಇರಬಹುದು, ಅದನ್ನ ಪಕ್ಕಕ್ಕಿಟ್ಟು ಇನ್ನೊಂದ್ಸಲ ರನ್ ಮಾಡಿ. ಅರೇಬಿಯೆನ್ಸಿಸ್‌ನ ಮಾತ್ರ ಮೊದಲೇ ತೆಗೆದುಬಿಡಿ, ಅದರ ಬ್ಯಾಂಡ್ ಇಲ್ಲಿ 249ರ ಹತ್ತಿರಾನೇ ಬರುತ್ತೆ.

ಇಷ್ಟೆಲ್ಲಾ ಯಾಕೆ ಅಂದ್ರೆ ಕೊಲುಝಿ ಭತ್ತದ ಗದ್ದೆಯಂಥ ನಿಂತ ನೀರಲ್ಲಿ ಮಳೆಗಾಲ ಮುಗಿದ್ಮೇಲೂ ಮರಿ ಮಾಡುತ್ತೆ, ಗ್ಯಾಂಬಿಯೆ ಹೆಚ್ಚಾಗಿ ಮಳೆ ಗುಂಡಿ ನಂಬ್ಕೊಂಡಿರುತ್ತೆ, ಯಾವ ಊರಲ್ಲಿ ಯಾವುದು ಅಂತ ತಿಳೀದೇ ಮಲೇರಿಯಾ ಕಂಟ್ರೋಲ್ ಪ್ಲಾನ್ ಮಾಡೋಕಾಗಲ್ಲ.