ತಿಗಣೆ ಕಾಟ: ಸಂದು ಹುಡುಕಿ, ಬಿಸಿ ಮುಟ್ಟಿಸಿ, ವಾರಗಟ್ಟಲೆ ಬಿಡದೆ ಕಾಯಿರಿ

ಮನೆಯಲ್ಲಿ ತಿಗಣೆ ಕಂಡ ದಿನ ಹೆಚ್ಚಿನವರು ಮೊದಲು ಮಾಡುವ ಕೆಲಸವೆಂದರೆ ಔಷಧಿಯ ಡಬ್ಬಿ ತಂದು ಕೋಣೆಯ ತುಂಬ ಸಿಂಪಡಿಸುವುದು. ಅದರ ಬೆನ್ನಿಗೇ ಹಾಸಿಗೆ ಸುತ್ತಿಕೊಂಡು ಇನ್ನೊಂದು ಕೋಣೆಗೆ ಮಲಗಲು ಹೋಗುತ್ತಾರೆ. ಒಂದು ಮಂಚಕ್ಕೆ ಸೀಮಿತವಾಗಿದ್ದ ಕಾಟ ಇಡೀ ಮನೆಗೆ ಹಬ್ಬುವುದು ಬಹುಮಟ್ಟಿಗೆ ಹೀಗೆಯೇ. ತಿಗಣೆಯನ್ನು ಮನೆಯಿಂದ ಹೊರಹಾಕಲು ಸಾಧ್ಯವಿದೆ. ಆದರೆ ಆ ಕೆಲಸ ವಿಷಕ್ಕಿಂತ ಹೆಚ್ಚಾಗಿ ಹುಡುಕಾಟ, ಬಿಸಿ ಮತ್ತು ತಾಳ್ಮೆಯಿಂದ ಆಗುವಂಥದ್ದು.

ಬೆಳೆದ ತಿಗಣೆಯ ಉದ್ದ ಸುಮಾರು 5 ಮಿಲಿಮೀಟರ್. ಮೈ ಚಪ್ಪಟೆ, ಬಣ್ಣ ಕೆಂಗಂದು, ಕಾಲು ಆರು. ಅದು ಹಾರುವುದಿಲ್ಲ, ನೆಗೆಯುವುದೂ ಇಲ್ಲ, ನಡೆಯುತ್ತದೆ ಅಷ್ಟೆ. ಮಲಗಿದವರ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ಮೈಯ ಬಿಸಿ ಅದಕ್ಕೆ ದಾರಿ ತೋರಿಸುತ್ತವೆ. 5ರಿಂದ 10 ನಿಮಿಷ ರಕ್ತ ಹೀರಿ, ಮೈ ಉಬ್ಬಿ ಕಡುಗೆಂಪಾದ ಮೇಲೆ ಅದು ಮರಳಿ ಸಂದಿಗೆ ಸೇರುತ್ತದೆ. ದಿನದ ಬಹುಪಾಲು ಹೊತ್ತು ಅದು ಇರುವುದು ಆ ಸಂದಿನಲ್ಲೇ ಹೊರತು ನಮ್ಮ ಮೈಮೇಲಲ್ಲ. ಅದಕ್ಕೆ ಬೇಕಾದದ್ದು ರಕ್ತ ಮತ್ತು ಅಡಗಲು ಒಂದು ಬಿರುಕು. ಮನೆ ಎಷ್ಟೇ ಚೊಕ್ಕಟವಾಗಿದ್ದರೂ ಇವೆರಡೂ ಸಿಗುತ್ತವೆ. ಆದ್ದರಿಂದ ತಿಗಣೆ ಬಂತೆಂದು ನಾಚಿಕೊಳ್ಳಬೇಕಾಗಿಲ್ಲ. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ವಾರವೂ ಅದರ ಸಂತತಿಗೆ ಸಿಕ್ಕ ಬಿಡುವಾಗುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಹೆಣ್ಣು ತಿಗಣೆ ದಿನಕ್ಕೆ ಒಂದರಿಂದ ಐದರಂತೆ ತನ್ನ ಜೀವಿತದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಒಂದು ಮಿಲಿಮೀಟರ್ ಉದ್ದದ ಈ ಬಿಳಿ ಮೊಟ್ಟೆಗಳು ಮರಕ್ಕೋ ಬಟ್ಟೆಗೋ ಗಟ್ಟಿಯಾಗಿ ಅಂಟಿಕೊಂಡಿರುತ್ತವೆ ಮತ್ತು ಬೆಚ್ಚಗಿನ ಕೋಣೆಯಲ್ಲಿ 6ರಿಂದ 10 ದಿನಗಳಲ್ಲಿ ಒಡೆಯುತ್ತವೆ. ಮರಿ ಐದು ಸಲ ಪೊರೆ ಕಳಚಿದ ಮೇಲೆ ದೊಡ್ಡದಾಗುತ್ತದೆ. ಪ್ರತಿ ಪೊರೆಗೂ ಮುನ್ನ ಅದಕ್ಕೆ ಒಮ್ಮೆಯಾದರೂ ರಕ್ತ ಬೇಕೇ ಬೇಕು. ಆಹಾರ ಸಿಕ್ಕಿ ವಾತಾವರಣವೂ ಬೆಚ್ಚಗಿದ್ದರೆ ಇಡೀ ಚಕ್ರ ಐದಾರು ವಾರಗಳಲ್ಲಿ ಮುಗಿಯುತ್ತದೆ. ಮುಂದೆ ಹೇಳುವ ಕೆಲಸಗಳನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕು ಎಂಬುದನ್ನು ನಿರ್ಧರಿಸುವುದು ಈ ಲೆಕ್ಕವೇ.

ಮೊದಲು ಖಚಿತಪಡಿಸಿಕೊಳ್ಳಿ

ಮೈಮೇಲಿನ ದದ್ದು ನೋಡಿ ತಿಗಣೆಯೆಂದು ತೀರ್ಮಾನಿಸಬೇಡಿ. ಸೊಳ್ಳೆ, ಚಿಗಟ, ನುಸಿ ಕಚ್ಚಿದಾಗಲೂ ಇಂಥದೇ ಗಂಧೆಗಳು ಏಳುತ್ತವೆ. ಕೆಲವರಿಗೆ ತಿಗಣೆ ಕಚ್ಚಿದ ಗುರುತು ಕಾಣಲು ಹಲವು ದಿನ ಬೇಕಾದರೆ ಇನ್ನು ಕೆಲವರಿಗೆ ಗುರುತೇ ಮೂಡುವುದಿಲ್ಲ. ಹೀಗಾಗಿ ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರು ಮಾತ್ರ ತುರಿಕೆಯೆಂದು ಹೇಳುವುದು ಅಪರೂಪವಲ್ಲ. ತಿಗಣೆ ಮನುಷ್ಯರಿಗೆ ರೋಗ ಹರಡುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಆದರೂ ತುರಿಸಿಕೊಂಡು ಹುಣ್ಣಾಗುವುದು, ನಿದ್ದೆಗೆಡುವುದು, ಮನಸ್ಸು ಕುಗ್ಗುವುದು ನಿಜವಾದ ತೊಂದರೆಗಳೇ. ದದ್ದು ಕೀವಾದರೆ ಅಥವಾ ಮೈ ಊದಿಕೊಂಡರೆ ವೈದ್ಯರನ್ನು ಕಾಣಬೇಕು.

ಹುಡುಕಾಟಕ್ಕೆ ಒಳ್ಳೆಯ ಬೆಳಕಿನ ಟಾರ್ಚ್, ಹಳೆಯದೊಂದು ಗಟ್ಟಿ ಪ್ಲಾಸ್ಟಿಕ್ ಕಾರ್ಡ್, ಒದ್ದೆ ಮಾಡಿದ ಬಿಳಿ ಬಟ್ಟೆ, ಪಾರದರ್ಶಕ ಟೇಪ್ ಮತ್ತು ಒಂದು ಬಟ್ಟಲು ಬಿಸಿ ಸಾಬೂನು ನೀರು ಇದ್ದರೆ ಸಾಕು. ಹಾಸುವಟ್ಟೆಯನ್ನು ಕೊಡವದೆ ಒಳಮುಖವಾಗಿ ನಿಧಾನಕ್ಕೆ ಮಡಚುತ್ತಾ ತೆಗೆಯಿರಿ. ಆಮೇಲೆ ಹಾಸಿಗೆಯ ಅಂಚಿನ ಹೊಲಿಗೆಯನ್ನು ಎರಡು ಬೆರಳುಗಳಿಂದ ಹಿಗ್ಗಿಸಿ ಗೇಣು ಗೇಣಾಗಿ ನೋಡುತ್ತಾ ಬನ್ನಿ. ಅಲ್ಲಿ ಲೇಖನಿಯ ಮೊನೆ ತಾಗಿಸಿದಂತೆ ಕಪ್ಪು ಚುಕ್ಕೆಗಳ ಗುಂಪು ಕಾಣಬಹುದು. ಒದ್ದೆ ಬಟ್ಟೆಯಿಂದ ಒರೆಸಿದಾಗ ಆ ಚುಕ್ಕೆ ಕೆಂಪು ಮಿಶ್ರಿತ ಕಂದಾಗಿ ಹರಡಿಕೊಂಡರೆ ಅದು ತಿಗಣೆಯ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಅದರ ಪಕ್ಕದಲ್ಲೇ ಮರಿಗಳು ಕಳಚಿ ಬಿಟ್ಟ ಒಣಹುಲ್ಲಿನ ಬಣ್ಣದ ತೆಳು ಪೊರೆಗಳೂ ಬಿಳಿ ಮೊಟ್ಟೆಯ ಸಿಪ್ಪೆಗಳೂ ಸಿಗುತ್ತವೆ. ಸಿಕ್ಕಿದ ಒಂದು ಕೀಟವನ್ನು ಟೇಪಿಗೆ ಅಂಟಿಸಿ ಇಟ್ಟುಕೊಂಡರೆ ತಿಳಿದವರಿಗೆ ತೋರಿಸಿ ಖಚಿತಪಡಿಸಿಕೊಳ್ಳಬಹುದು. ಉಳಿದವನ್ನು ಸಾಬೂನು ನೀರಿಗೆ ಹಾಕಿ.

ಹಾಸಿಗೆ ಮುಗಿದ ಮೇಲೆ ಮಂಚ. ನನ್ನ ಅಭಿಪ್ರಾಯದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿಯೇ, ಜನ ಅವಸರದಲ್ಲಿ ಮುಗಿಸಿಬಿಡುವುದೂ ಇಲ್ಲಿಯೇ. ತಲೆದೆಸೆಯ ಹಲಗೆಯ ಹಿಂಬದಿ, ಮರದ ಕೀಲುಗಳು, ಸ್ಕ್ರೂ ತೂತುಗಳು, ಪಟ್ಟಿಗಳು ಚೌಕಟ್ಟಿಗೆ ಕೂರುವ ಜಾಗ, ಪ್ಲೈವುಡ್ಡಿನ ಬಿಟ್ಟುಕೊಂಡ ಪದರ, ಹೀಗೆ ಪ್ಲಾಸ್ಟಿಕ್ ಕಾರ್ಡಿನ ಅಂಚು ತೂರುವ ಎಲ್ಲ ಕಡೆಯೂ ತಿಗಣೆ ತೂರಬಲ್ಲದು. ಸಾಧ್ಯವಾದರೆ ಮಂಚವನ್ನು ಪೂರ್ತಿ ಬಿಚ್ಚಿ. ನಂತರ ಮಂಚದಿಂದ ಒಂದೆರಡು ಮೀಟರ್ ಒಳಗಿರುವ ಮೇಜಿನ ಡ್ರಾಯರ್, ಕುರ್ಚಿಯ ತಳ, ಪರದೆಯ ಮಡಿಕೆ, ಗೋಡೆಗೆ ತೂಗುಹಾಕಿದ ಪಟಗಳ ಹಿಂಭಾಗ ಮತ್ತು ಗೋಡೆಯ ಬಿರುಕುಗಳತ್ತ ಹೋಗಿ. ಕುಳಿತಲ್ಲೇ ನಿದ್ದೆ ಹೋಗುವವರು ಮನೆಯಲ್ಲಿದ್ದರೆ ಸೋಫಾವನ್ನೂ ಬಿಡಬೇಡಿ. ಸ್ವಿಚ್‌ಬೋರ್ಡ್ ಬಿಚ್ಚಿ ನೋಡುವುದಾದರೆ ಮೊದಲು ಮೇನ್ ಸ್ವಿಚ್ ಆರಿಸಿರಬೇಕು.

ಬಿಸಿಯ ಕೆಲಸ

ಈಗ ಬಟ್ಟೆಗಳ ಸರದಿ. ಹಾಸುವ, ಹೊದೆಯುವ, ಉಡುವ ಎಲ್ಲವನ್ನೂ ಅದೇ ಕೋಣೆಯಲ್ಲೇ ಚೀಲಕ್ಕೆ ತುಂಬಿ, ಬಾಯಿ ಬಿಗಿಯಾಗಿ ಕಟ್ಟಿಯೇ ಹೊರಗೆ ತನ್ನಿ. ಬಿಡಿಬಿಡಿಯಾಗಿ ಹೊತ್ತು ತಂದರೆ ದಾರಿಯುದ್ದಕ್ಕೂ ತಿಗಣೆ ಉದುರುತ್ತವೆ. 48 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಬೆಳೆದ ತಿಗಣೆ ಸುಮಾರು 20 ನಿಮಿಷದಲ್ಲಿ ಸಾಯುತ್ತದೆ. ಅದೇ ಬಿಸಿಯಲ್ಲಿ ಮೊಟ್ಟೆ ಸಾಯಲು ಒಂದು ಗಂಟೆಗೂ ಹೆಚ್ಚು ಬೇಕು. 55 ಡಿಗ್ರಿ ಮುಟ್ಟಿದರೆ ಮಾತ್ರ ಮೊಟ್ಟೆಯೂ ಹೆಚ್ಚುಕಮ್ಮಿ ತಕ್ಷಣ ಸಾಯುತ್ತದೆ. ಆದ್ದರಿಂದ 60 ಡಿಗ್ರಿಯ ನೀರಿನಲ್ಲಿ ಒಗೆಯುವುದು ಅಥವಾ ಡ್ರೈಯರ್‌ನ ಹೆಚ್ಚಿನ ಬಿಸಿಯಲ್ಲಿ ಕನಿಷ್ಠ 30 ನಿಮಿಷ ತಿರುಗಿಸುವುದು ಸರಿಯಾದ ಕ್ರಮ. ಒಗೆಯಲಾಗದ ಆದರೆ ಬಿಸಿ ತಾಳುವ ಬಟ್ಟೆಗಳಿಗೆ ಡ್ರೈಯರ್ ಒಂದೇ ಸಾಕು. ಮುಗಿದ ಬಟ್ಟೆಯನ್ನು ಹೊಸ ಚೀಲದಲ್ಲಿ ಕಟ್ಟಿಡಿ, ಹಳೆಯ ಚೀಲಕ್ಕೆ ಮರಳಿಸಬೇಡಿ.

ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ತಿಗಣೆ ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಬಿಸಿಲು ತಾಗಿದ ಮೇಲ್ಮೈ ಕಾದರೂ ದಪ್ಪ ಹಾಸಿಗೆಯ ಒಳಗಿನ ಬಿಸಿ ಮೇಲೆ ಹೇಳಿದ ಮಟ್ಟಕ್ಕೆ ಏರುವುದು ಕಷ್ಟ; ತಿಗಣೆಗಳೂ ಕಾದ ಕಡೆಯಿಂದ ನೆರಳಿನ ಬದಿಗೆ ಸರಿಯುತ್ತವೆ. ಬಿಸಿಲನ್ನೇ ನೆಚ್ಚಿಕೊಳ್ಳಬೇಡಿ. ಹಾಸಿಗೆಯ ಹೊಲಿಗೆಗೂ ಮಂಚದ ಸಂದಿಗೂ ಹಬೆ ಹಾಯಿಸುವ ಯಂತ್ರ ನಿಜಕ್ಕೂ ಉಪಯುಕ್ತ. ಹಬೆಯ ರಭಸಕ್ಕೆ ಕೀಟಗಳು ಚದುರದಂತೆ ಕೊಳವೆಯ ಬಾಯಿಗೆ ಬಟ್ಟೆ ಸುತ್ತಿ, ನಿಧಾನವಾಗಿ ಎಳೆಯಬೇಕು. ಹಾದುಹೋದ ಜಾಗ ಆ ಕ್ಷಣಕ್ಕೆ 70ರಿಂದ 80 ಡಿಗ್ರಿಯಷ್ಟು ಬಿಸಿಯಾಗಿರಬೇಕು. ವಿದ್ಯುತ್ ತಂತಿಗಳಿರುವಲ್ಲಿ ಹಬೆ ಬೇಡ. ಹಬೆಗೆ ಮೊದಲು ವ್ಯಾಕ್ಯೂಮ್ ಕ್ಲೀನರ್‌ನ ಕಿರಿದಾದ ಕೊಳವೆಯಿಂದ ಹೀರಿಸುವುದು ಒಳ್ಳೆಯದು. ಅಂಟಿಕೊಂಡ ಮೊಟ್ಟೆಗಳನ್ನು ಕಾರ್ಡಿನಿಂದ ಕೆರೆದರೆ ಮಾತ್ರ ಬರುತ್ತವೆ. ಕೆಲಸ ಮುಗಿದೊಡನೆ ಧೂಳಿನ ಚೀಲವನ್ನು ಬಿಗಿದು ಮನೆಯ ಹೊರಗಿನ ಕಸಕ್ಕೆ ಹಾಕಿ. ಬಿಸಿ ತಾಳದ ಪುಸ್ತಕ, ಆಟಿಕೆಗಳನ್ನು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ನಾಲ್ಕು ದಿನ ಇಡಬಹುದು.

ನಂತರ ಹಾಸಿಗೆ, ದಿಂಬುಗಳಿಗೆ ಎಲ್ಲ ಕಡೆಯಿಂದಲೂ ಮುಚ್ಚುವ, ಜಿಪ್ ಇರುವ ತಿಗಣೆ ನಿರೋಧಕ ಕವರ್ ಹಾಕಿ. ಮಂಚವನ್ನು ಗೋಡೆಯಿಂದ ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಂಡು, ನಾಲ್ಕೂ ಕಾಲುಗಳ ಕೆಳಗೆ ನುಣುಪಾದ ಒಳಗೋಡೆಯ ಬಟ್ಟಲುಗಳನ್ನಿಡಿ. ಮಂಚ ಹತ್ತಲು ಬಂದ ತಿಗಣೆ ಅದರಲ್ಲಿ ಬಿದ್ದು ಹೊರಬರಲಾಗದೆ ಉಳಿಯುತ್ತದೆ. ಉಷ್ಣವಲಯದ ಪ್ರಭೇದವಾದ ಸೈಮೆಕ್ಸ್ ಹೆಮಿಪ್ಟರಸ್ ನುಣುಪು ಮೇಲ್ಮೈಯನ್ನೂ ಹತ್ತಬಲ್ಲದು. ಹೀಗಾಗಿ ಬಿಸಿ ಪ್ರದೇಶಗಳಲ್ಲಿ ಬಟ್ಟಲಿನ ಒಳಗೋಡೆಗೆ ತೆಳುವಾಗಿ ಟಾಲ್ಕಮ್ ಪೌಡರ್ ಸವರಬೇಕು. ಇಷ್ಟಾದ ಮೇಲೆ ಅದೇ ಮಂಚದಲ್ಲಿ ಮಲಗಿ. ಇದನ್ನು ಹೇಳಿದಾಗ ಯಾರಿಗೂ ಹಿತವೆನಿಸುವುದಿಲ್ಲ ಎಂಬುದು ಗೊತ್ತಿದೆ. ಆದರೆ ಮಲಗುವವರು ಕೋಣೆ ಬದಲಿಸಿದರೆ ಹಸಿದ ತಿಗಣೆಗಳು ಅವರನ್ನು ಅರಸಿಕೊಂಡು ಮನೆಯಿಡೀ ಹರಡುತ್ತವೆ.

ಔಷಧಿಯ ಮಾತು

1940ರ ದಶಕದಲ್ಲಿ ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತೆಂದೇ ಭಾವಿಸಲಾಗಿತ್ತು. ಅದೇ ದಶಕ ಕಳೆಯುವಷ್ಟರಲ್ಲಿ ಹವಾಯಿಯಲ್ಲಿ ಡಿಡಿಟಿಗೆ ಬಗ್ಗದ ತಿಗಣೆಗಳು ಕಂಡವು. ಇಂದು ಮನೆಬಳಕೆಯ ಸ್ಪ್ರೇಗಳಲ್ಲಿ ಸಾಮಾನ್ಯವಾಗಿರುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳ ವಿಷಯದಲ್ಲೂ ಇದೇ ಆಗಿದೆ. ಕೋಣೆ ತುಂಬ ಹೊಗೆಯಂತೆ ಹರಡುವ ಫಾಗರ್ ಡಬ್ಬಿಗಳನ್ನು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ, ಅವುಗಳಿಂದ ಸಂದಿನೊಳಗಿನ ತಿಗಣೆಗೆ ಹೆಚ್ಚೇನೂ ಆಗುವುದಿಲ್ಲವೆಂದು ತೋರಿಸಿತು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಕಾಳಿಗೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ಮಲಗುವ ಕೋಣೆಯಲ್ಲಿ ಎಂದಿಗೂ ಇಡಬಾರದು. ಗಾಳಿಯ ತೇವ ತಾಗಿದೊಡನೆ ಅವುಗಳಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಅದು ಗೋಡೆಯ ಸಂದಿನಿಂದ ಪಕ್ಕದ ಮನೆಗೂ ನುಗ್ಗುತ್ತದೆ, ಮಲಗಿದವರನ್ನು ಕೊಲ್ಲುತ್ತದೆ. ತಿಗಣೆಗೆಂದು ಈ ಗುಳಿಗೆ ಇಟ್ಟು ಮಕ್ಕಳು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಬೆಳೆಗೆ ಹೊಡೆಯುವ ಕೀಟನಾಶಕ, ಸೀಮೆಎಣ್ಣೆ, ಪೆಟ್ರೋಲ್ ಕೂಡ ಬೇಡವೇ ಬೇಡ. ತಿಗಣೆಗೆಂದೇ ಅನುಮತಿ ಪಡೆದ ಸಿಲಿಕಾ ಪುಡಿ ಸಿಕ್ಕರೆ ಗೋಡೆಯ ಬಿರುಕಿಗೂ ಮಂಚದ ಟೊಳ್ಳಿಗೂ ತೆಳುವಾಗಿ ಊದಬಹುದು. ಅದು ಕೀಟದ ಮೈಯ ಮೇಣದ ಪದರವನ್ನು ಕೆಡಿಸಿ ಒಣಗಿಸಿ ಕೊಲ್ಲುವುದರಿಂದ ಔಷಧಿಗೆ ಒಗ್ಗಿದ ತಿಗಣೆಗಳೂ ಅದಕ್ಕೆ ಬಲಿಯಾಗುತ್ತವೆ. ಹಾಸಿಗೆಯ ಮೇಲೆ ಚೆಲ್ಲುವುದಾಗಲಿ ಪುಡಿಯನ್ನು ಉಸಿರಾಡುವುದಾಗಲಿ ಕೂಡದು.

ತಿಗಣೆ ಹಲವು ಕೋಣೆಗಳಿಗೆ ಹಬ್ಬಿದ್ದರೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯುವುದೇ ಸರಿ. ಪರಿಶೀಲಿಸದೆ ಫೋನಿನಲ್ಲೇ ಭರವಸೆ ಕೊಡುವವರನ್ನೂ, ಒಂದೇ ಭೇಟಿಯಲ್ಲಿ ಮುಗಿಸುತ್ತೇವೆ ಎನ್ನುವವರನ್ನೂ ನಂಬಬೇಡಿ. ಮೊಟ್ಟೆಯೊಡೆದು ಹೊರಬಂದ ಮರಿಗಳಿಗಾಗಿ ಎರಡು ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಬರಲೇಬೇಕು. ಗೋಡೆ ಹಂಚಿಕೊಂಡ ಮನೆಗಳಾದರೆ ಪಕ್ಕದವರಿಗೂ ಮೇಲೆ ಕೆಳಗಿನವರಿಗೂ ತಿಳಿಸಿ, ಎಲ್ಲ ಮನೆಗಳನ್ನೂ ಒಟ್ಟಿಗೆ ನೋಡಿಸಬೇಕು.

ನೀವೇ ಮಾಡುವುದಾದರೆ ಹುಡುಕುವ, ಹೀರಿಸುವ, ಹಬೆ ಹಾಯಿಸುವ ಕೆಲಸವನ್ನು ವಾರಕ್ಕೊಮ್ಮೆ ಮತ್ತೆ ಮಾಡಿ, ಮಂಚದ ಕಾಲಿನ ಬಟ್ಟಲುಗಳನ್ನು ಪ್ರತಿಸಲವೂ ನೋಡಿ ಸಿಕ್ಕಿದ್ದನ್ನು ಬರೆದಿಟ್ಟುಕೊಳ್ಳಿ. ಕೊನೆಯ ತಿಗಣೆ ಕಂಡ ದಿನದಿಂದ ಎಂಟು ವಾರ ಹೊಸ ಚುಕ್ಕೆ, ಪೊರೆ, ಕೀಟ ಯಾವುದೂ ಕಾಣದಿದ್ದರೆ ಹಬೆಯ ಕೆಲಸ ನಿಲ್ಲಿಸಬಹುದು. ಹಾಸಿಗೆಯ ಕವರನ್ನು ಮಾತ್ರ ಒಂದು ವರ್ಷ ತೆಗೆಯಬೇಡಿ, ಏಕೆಂದರೆ ತಂಪಾದ ಜಾಗದಲ್ಲಿ ಒಳಗೆ ಸಿಕ್ಕಿಬಿದ್ದ ತಿಗಣೆ ಆಹಾರವಿಲ್ಲದೆ ಹಲವು ತಿಂಗಳು ಬದುಕಬಲ್ಲದು. ಕವರ್ ಎಲ್ಲಾದರೂ ಹರಿದಿದ್ದು ಕಂಡರೆ ಅಂದೇ ಟೇಪ್ ಹಚ್ಚಿ.