ಹಾವಿನ ಬುರುಡೆ ತೊಳೆದು ಹಲ್ಲು ನೋಡುವ ಬಗೆ

ಹಾವಿನ ಹಲ್ಲು ಅಂದರೆ ಎಲ್ಲರಿಗೂ ಎರಡು ವಿಷದ ಹಲ್ಲೇ ಕಣ್ಣಿಗೆ ಬರುತ್ತವೆ. ಕೇರೆಹಾವಿನ ಬುರುಡೆಯನ್ನು ಒಮ್ಮೆ ಮಗುಚಿ ನೋಡಿ. ಮೇಲೆ ನಾಲ್ಕು ಸಾಲು, ಕೆಳಗೆ ಎರಡು ಸಾಲು. ಮೇಲಿನ ನಾಲ್ಕರಲ್ಲಿ ಹೊರಗಿನ ಎರಡು ದವಡೆಯವು, ಒಳಗಿನ ಎರಡು ಅಂಗುಳಿನವು. ಅಷ್ಟೂ ಗಂಟಲಿನ ಕಡೆಗೆ ಬಾಗಿರುತ್ತವೆ. ಅವುಗಳ ಕೆಲಸ ಅಗಿಯುವುದಲ್ಲ, ಹಿಡಿದು ಒಳಗೆಳೆಯುವುದು.

ಚಿತ್ರದುರ್ಗದಲ್ಲಿ ಪಾಠಕ್ಕೆಂದು ಬುರುಡೆ ಸಿದ್ಧಮಾಡುವಾಗ ನಾನು ಪಾಲಿಸುವ ಕ್ರಮ ಇದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಹೆದ್ದಾರಿಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಹಾವನ್ನೂ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಎತ್ತಿಟ್ಟುಕೊಳ್ಳುವಂತಿಲ್ಲ. ತಲೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕತ್ತರಿಸಿದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಒಣಗಿದ ವಿಷವೂ ಬಹುಕಾಲ ಸತ್ವ ಉಳಿಸಿಕೊಂಡಿರುತ್ತದೆ. ತೆಳು ರಬ್ಬರ್ ಕೈಗವಸನ್ನು ವಿಷದ ಹಲ್ಲು ಸಲೀಸಾಗಿ ತೂರುತ್ತದೆ. ಹಾಗಾಗಿ ಉದ್ದ ಚಿಮಟ ಬೇಕೇ ಬೇಕು.

ಚರ್ಮ ಸುಲಿದು, ದಪ್ಪ ಮಾಂಸ ಕತ್ತರಿಸಿ, ತಲೆಯನ್ನು ತೆಳು ಪಂಚೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಗಾಜಿನ ಜಾಡಿಯ ನೀರಿನಲ್ಲಿ ಮುಳುಗಿಸುತ್ತೇನೆ. ಬಟ್ಟೆ ಕಟ್ಟದಿದ್ದರೆ ಕಳಚಿದ ಹಲ್ಲುಗಳು ನೀರಿನ ಜೊತೆ ಹೋಗುತ್ತವೆ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಮೂಳೆಯ ಮೇಲೆ ಬಿಳಿ ಪೊರೆ ಕೂರಿಸುತ್ತದೆ. ಶುದ್ಧ ನೀರಿನ ಘಟಕದ ಕ್ಯಾನ್ ನೀರೇ ಲೇಸು. ಬೇಸಿಗೆಯಲ್ಲಾದರೆ ವಾರದೊಳಗೆ ಮಾಂಸ ಕೊಳೆತು ಬಿಡುತ್ತದೆ, ಚಳಿಗಾಲದಲ್ಲಿ ಎರಡು ಮೂರು ವಾರ. ನೀರನ್ನು ಅರ್ಧ ಮಾತ್ರ ಬದಲಿಸಬೇಕು. ಪೂರ್ತಿ ಚೆಲ್ಲಿದರೆ ಕೊಳೆಸುವ ಸೂಕ್ಷ್ಮಜೀವಿಗಳೂ ಹೋಗಿ ಕೆಲಸ ನಿಲ್ಲುತ್ತದೆ. ಕೆಡದಿರಲೆಂದು ಫಾರ್ಮಲಿನ್‌ ದ್ರಾವಣದಲ್ಲಿ ಇಟ್ಟಿದ್ದ ತಲೆಗೆ ಈ ವಿಧಾನ ಹಿಡಿಯುವುದಿಲ್ಲ.

ಬೇಗ ಮುಗಿಸಲು ಕುದಿಸುವವರಿದ್ದಾರೆ. ಕುದಿಸಿದರೆ ಹಲ್ಲಿನ ಬುಡ ಸಡಿಲವಾಗುತ್ತದೆ, ವಿಷದ ಹಲ್ಲು ಸೀಳುತ್ತದೆ. ಬ್ಲೀಚಿಂಗ್ ಪುಡಿ ಅದಕ್ಕಿಂತ ಕೆಟ್ಟದ್ದು, ಮೂಳೆಯನ್ನೇ ತಿನ್ನುತ್ತದೆ. ಕೊನೆಗೆ ಒಂದು ದಿನ ಪಾತ್ರೆ ತೊಳೆಯುವ ಸೋಪಿನ ನೀರು, ಆಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕೆಲವು ಗಂಟೆ. ಅಚ್ಚ ಬಿಳಿ ಬರಲಿ ಎಂದು ಹಠ ಹಿಡಿದರೆ ಹಲ್ಲು ಪುಡಿಯಾಗುತ್ತದೆ.

ಇನ್ನು ನೋಡುವುದು. ಹಲ್ಲಿಗಿಂತ ಮೊದಲು ಅದು ನಿಂತಿರುವ ಮೇಲ್ದವಡೆಯ ಮೂಳೆ ನೋಡಿ. ಕೇರೆ, ಹೆಬ್ಬಾವುಗಳಲ್ಲಿ ಅದು ಉದ್ದ, ಹಲ್ಲು ಸಾಲಾಗಿವೆ, ಅವುಗಳಲ್ಲಿ ವಿಷ ಹರಿಯುವ ಕಾಲುವೆ ಇಲ್ಲ. ಹಸಿರು ಹಾವು, ಬೆಕ್ಕುಕಣ್ಣಿನ ಹಾವುಗಳಲ್ಲೂ ಉದ್ದವೇ, ಆದರೆ ಹಿಂದಿನ ಹಲ್ಲುಗಳು ದೊಡ್ಡವು, ಆ ಹಲ್ಲುಗಳ ಮೈಮೇಲೆ ತೆರೆದ ಗೀರು. ನಾಗರಹಾವಿನಲ್ಲಿ ಮೂಳೆ ಮೊಟಕು. ವಿಷದ ಹಲ್ಲು ಮುಂದೆ ಗಟ್ಟಿಯಾಗಿ ನಿಂತಿರುತ್ತದೆ, ಹಿಂದೆ ಸ್ವಲ್ಪ ಜಾಗ ಬಿಟ್ಟು ಒಂದೆರಡು ಚಿಕ್ಕ ಹಲ್ಲು. ಮಸೂರ ಹಿಡಿದರೆ ಮುಂಭಾಗದಲ್ಲಿ ಗೀರು ಮುಚ್ಚಿಕೊಂಡ ಹೊಲಿಗೆಯಂಥ ಗೆರೆ ಕಾಣುತ್ತದೆ.

ಕೊಳಕುಮಂಡಲದ ಲೆಕ್ಕವೇ ಬೇರೆ. ಮೂಳೆ ಬರೀ ಒಂದು ಗಿಡ್ಡ ತುಂಡು, ಅದರಲ್ಲಿ ವಿಷದ ಹಲ್ಲಲ್ಲದೆ ಬೇರೇನೂ ಇಲ್ಲ. ಆ ತುಂಡು ಬಾಗಿಲಿನಂತೆ ತಿರುಗುತ್ತದೆ. ಬಾಯಿ ಮುಚ್ಚಿದಾಗ ಹಲ್ಲು ಅಂಗುಳಿಗೆ ಮಲಗುತ್ತದೆ, ತೆರೆದಾಗ ಹಿಂದಿನ ಮೂಳೆಗಳು ತಳ್ಳಿ ಎಬ್ಬಿಸುತ್ತವೆ. ಮಲಗಿಸಲು ಜಾಗವಿರುವುದರಿಂದಲೇ ಹಲ್ಲು ಉದ್ದ ಬೆಳೆಯಬಲ್ಲದು, ದೊಡ್ಡ ಹಾವಿನಲ್ಲಿ 15 ಮಿಮೀ ಮುಟ್ಟುತ್ತದೆ. ನೈಲಾನ್ ಬ್ರಷ್ಷಿನ ಎಳೆಯನ್ನು ಬುಡದಿಂದ ತೂರಿಸಿದರೆ ತುದಿಯಲ್ಲಿ ಬರುವುದಿಲ್ಲ, ತುದಿಗಿಂತ ಸ್ವಲ್ಪ ಮೇಲೆ ಮುಂಭಾಗದ ಸೀಳಿನಲ್ಲಿ ಹೊರಬರುತ್ತದೆ. ವಿಷದ ದಾರಿ ಮುಚ್ಚದೆ ಮೊನೆ ಚೂಪಾಗಿ ಉಳಿಯುವುದು ಹೀಗೆ.

ಮೋಸ ಮಾಡುವುದು ವಿಷವಿಲ್ಲದ ತೋಳಹಾವು. ಅದರ ಮುಂದಿನ ದೊಡ್ಡ ಹಲ್ಲುಗಳನ್ನು ಕಂಡು ಕಟ್ಟುಹಾವು ಎನ್ನುವವರೇ ಜಾಸ್ತಿ, ಮೈಯ ಪಟ್ಟೆಯೂ ಹಾಗೇ ಇದೆ. ಆದರೆ ಆ ಹಲ್ಲು ಟೊಳ್ಳಲ್ಲ. ನಿಜವಾದ ಕಟ್ಟುಹಾವಿನ ವಿಷದ ಹಲ್ಲು ಕೆಲವೇ ಮಿಮೀ, ಕಚ್ಚಿದ ಗುರುತು ಚರ್ಮದ ಮೇಲೆ ಕಾಣದೆಯೂ ಇರಬಹುದು. ಎರಡು ತೂತು ಇಲ್ಲ, ವಿಷ ಇಲ್ಲ ಎಂದು ಆಸ್ಪತ್ರೆಗೆ ಹೋಗದೆ ಕೂರಬಾರದು.

ಬಟ್ಟೆಯಲ್ಲಿ ಉಳಿದ ಹಲ್ಲು ಎಣಿಸಿದರೆ ಬುರುಡೆಯಲ್ಲಿರುವ ಖಾಲಿ ಜಾಗಕ್ಕಿಂತ ಹೆಚ್ಚಿರುತ್ತವೆ. ಅವು ಒಸಡಿನೊಳಗೆ ಸರದಿ ಕಾಯುತ್ತಿದ್ದ ಬದಲಿ ಹಲ್ಲುಗಳು. ಹಾವಾಡಿಗರು ಕಿತ್ತ ವಿಷದ ಹಲ್ಲು ಮತ್ತೆ ಬರುವುದೂ ಇದರಿಂದಲೇ. ಅವನ್ನು ಫೆವಿಕಾಲ್ ಹಚ್ಚಿ ಎಲ್ಲೋ ಅಂಟಿಸಬೇಡಿ, ಬೇರೆ ಡಬ್ಬಿಯಲ್ಲಿ ಹಾವಿನ ಹೆಸರು ಬರೆದಿಡಿ.